ಮೂರು ಸಿನಿಮಾದ ಬಾಕ್ಸ್ ಸೆಟ್‌ಗೆ ದುಡ್ಡು ಹಾಕಬಹುದಾ? ಹಾಕಬಹುದು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಸಿನಿಮಾ ಪುರವಣಿಯಲ್ಲಿ ಡಿಸ್ಕ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಮೊಬೈಲಿನಲ್ಲೇ ಎಲ್ಲ ಸಿಗುವ ಕಾಲದಲ್ಲಿ ಸಿನಿಮಾದ ಡಿಸ್ಕ್ ಕೊಳ್ಳುವುದು ದುಡ್ಡು ದಂಡ ಅಂತ ಬರೆದಿದ್ದಾರೆ. ನಾನು ಮಂಡ್ಯದ ಪೇಟೆ ಬೀದಿ ಹತ್ತಿರ ಟಿವಿ, ಡಿವಿಡಿ ಪ್ಲೇಯರ್, ಹೋಂ ಥಿಯೇಟರ್ ರಿಪೇರಿ ಮಾಡುವವನು. ಸೀಡಿ ಕಾಲದಿಂದ ಇದೇ ಕೆಲಸ. ಡಿಸ್ಕ್ ಎಲ್ಲಿ ಕೈಕೊಡುತ್ತದೆ, ಎಲ್ಲಿ ಬಾಳಿಕೆ ಬರುತ್ತದೆ ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ. ಆ ಲೇಖನದ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲು ಆಗುತ್ತಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ಆದಷ್ಟು ಪೂರ್ತಿ ಹಾಕಿ.

ಎಲ್ಲ ಸಿನಿಮಾವನ್ನೂ ಡಿಸ್ಕ್‌ನಲ್ಲಿ ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಒಂದು ಸಲ ನೋಡಿ ಮರೆಯುವ ಸಿನಿಮಾಕ್ಕೆ ಡಿಸ್ಕ್ ಬೇಡವೇ ಬೇಡ. ಆದರೆ ನಮ್ಮ ಅಂಗಡಿಗೆ ಬರುವ ಒಬ್ಬರು ಹೈಸ್ಕೂಲ್ ಮೇಷ್ಟ್ರು ಮೊನ್ನೆ ಫೋನಿನಲ್ಲಿ ಒಂದು ಚಿತ್ರ ತೋರಿಸಿ, ‘ಏನಪ್ಪಾ, ಇದು ಮೂರು ಸಾವಿರದ ಹತ್ತಿರ ತೋರಿಸ್ತಾ ಇದೆ, ತಗೊಳ್ಳಲಾ ಬೇಡವಾ’ ಅಂದರು. ‘ಬ್ಯಾಕ್ ಟು ದಿ ಫ್ಯೂಚರ್’ ಅನ್ನುವ ಇಂಗ್ಲಿಷ್ ಸಿನಿಮಾದ ಬಾಕ್ಸ್ ಸೆಟ್, ಅಂದರೆ ಮೂರೂ ಭಾಗದ ಡಿಸ್ಕ್ ಒಂದೇ ಡಬ್ಬಿಯಲ್ಲಿ. ‘ತಗೊಳ್ಳಿ ಮೇಷ್ಟ್ರೇ, ಆದ್ರೆ ಯಾವುದು ಅಂತ ನೋಡಿ ತಗೊಳ್ಳಿ’ ಅಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ಈ ಪ್ರಶ್ನೆ ಅವರೊಬ್ಬರದ್ದಲ್ಲ, ಇನ್ನೂ ಸುಮಾರು ಜನ ಕೇಳುತ್ತಿರುತ್ತಾರೆ.

ಮೊದಲು ಸಿನಿಮಾ ವಿಷಯ. ನೋಡದವರಿಗೆ ಎರಡು ಮಾತು. ರಾಬರ್ಟ್ ಝೆಮೆಕಿಸ್ ನಿರ್ದೇಶನ, ಬಾಬ್ ಗೇಲ್ ಜೊತೆ ಸೇರಿ ಬರೆದ ಕಥೆ. ಮೊದಲ ಭಾಗ 1985ರ ಜುಲೈನಲ್ಲಿ ಬಂತು, ಎರಡನೆಯದು 1989ರ ನವೆಂಬರ್‌ನಲ್ಲಿ, ಮೂರನೆಯದು 1990ರ ಮೇನಲ್ಲಿ. ಮಾರ್ಟಿ ಅನ್ನುವ ಹುಡುಗ, ಡಾಕ್ ಬ್ರೌನ್ ಅನ್ನುವ ತಲೆಕೆದರಿದ ವಿಜ್ಞಾನಿ, ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಒಂದು ಡೆಲೋರಿಯನ್ ಕಾರು. ಮಾರ್ಟಿಯಾಗಿ ಮೈಕೆಲ್ ಜೆ. ಫಾಕ್ಸ್, ಡಾಕ್ ಆಗಿ ಕ್ರಿಸ್ಟೋಫರ್ ಲಾಯ್ಡ್. 1985ರ ಹುಡುಗ 1955ಕ್ಕೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾನೆ, ತನ್ನ ಅಪ್ಪ ಅಮ್ಮ ಒಂದಾಗದಿದ್ದರೆ ತಾನೇ ಹುಟ್ಟುವುದಿಲ್ಲ ಅನ್ನುವ ಪೇಚಿಗೆ ಬೀಳುತ್ತಾನೆ. ಮುಂದಿನದನ್ನು ನಾನು ಹೇಳಿದರೆ ರುಚಿ ಕೆಡುತ್ತದೆ.

ಇದನ್ನು ಬಾಕ್ಸ್ ಸೆಟ್‌ನಲ್ಲೇ ತಗೊಳ್ಳಿ ಅನ್ನಲು ಮುಖ್ಯ ಕಾರಣ ಕಥೆಯ ಒಳಗೇ ಇದೆ. ಮೂರು ಭಾಗಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಎರಡನೇ ಭಾಗದ ಕೊನೆಯ ಹೊತ್ತಿಗೆ ಮಾರ್ಟಿ ಮತ್ತೆ 1955ಕ್ಕೆ ಹೋಗುತ್ತಾನೆ, ಅದೂ ಮೊದಲ ಭಾಗದ ಅದೇ ರಾತ್ರಿಗೆ. ಶಾಲೆಯ ಡಾನ್ಸ್ ಹಾಲಿನಲ್ಲಿ ಮೊದಲ ಭಾಗದ ಮಾರ್ಟಿ ಸ್ಟೇಜ್ ಮೇಲೆ ಗಿಟಾರ್ ಬಾರಿಸುತ್ತಿರುತ್ತಾನೆ, ಎರಡನೇ ಭಾಗದ ಮಾರ್ಟಿ ಅದೇ ಸ್ಟೇಜಿನ ಮೇಲಿನ ಅಟ್ಟದಲ್ಲಿ ಬಚ್ಚಿಟ್ಟುಕೊಂಡು ನೋಡುತ್ತಿರುತ್ತಾನೆ. ಮೊದಲ ಭಾಗ ನೆನಪಲ್ಲಿ ಹಸಿಯಾಗಿ ಇದ್ದರೆ ಮಾತ್ರ ಈ ದೃಶ್ಯದ ಮಜಾ ಸಿಗುತ್ತದೆ. ಇವತ್ತು ಮೊದಲ ಭಾಗ, ನಾಳೆ ಎರಡನೆಯದು ಅಂತ ನೋಡಿದವರಿಗೂ, ಹತ್ತು ವರ್ಷದ ಹಿಂದೆ ಟಿವಿಯಲ್ಲಿ ಅರ್ಧಂಬರ್ಧ ನೋಡಿದವರಿಗೂ ಭಾರಿ ವ್ಯತ್ಯಾಸ ಇದೆ. ಎರಡನೆಯದು ಮುಗಿದ ಕೂಡಲೇ ಮೂರನೆಯದು ಹಾಕಬೇಕು ಅನ್ನಿಸುವ ಹಾಗೆ ಕಥೆ ನಿಲ್ಲುತ್ತದೆ. ಎರಡು ಮತ್ತು ಮೂರನ್ನು ಬೆನ್ನಿಗೆ ಬೆನ್ನಿಗೆ ಶೂಟ್ ಮಾಡಿದ್ದರು, ಅದಕ್ಕೇ ಆರೇ ತಿಂಗಳ ಅಂತರದಲ್ಲಿ ಎರಡೂ ಬಿಡುಗಡೆಯಾದವು.

ಇನ್ನು ಸಣ್ಣ ಸಣ್ಣ ಸಂಗತಿಗಳು. ಅವೇ ನನಗೆ ತುಂಬ ಇಷ್ಟ. ಬಿಫ್ ಅನ್ನುವ ರೌಡಿ ಮೇಲೆ ಗೊಬ್ಬರ ಸುರಿಯುವ ದೃಶ್ಯ ಇದೆಯಲ್ಲ, ಅದು ಮೂರೂ ಭಾಗದಲ್ಲಿ ಬರುತ್ತದೆ. ಮೂರನೆಯದರಲ್ಲಿ 1885ರ ಕಥೆ, ಅಲ್ಲಿ ಬಿಫ್‌ನ ಮುತ್ತಜ್ಜನ ಕಾಲ, ಅವನಿಗೂ ಗೊಬ್ಬರದ ಗಾಡಿ ಕಾದಿರುತ್ತದೆ. ನಮ್ಮ ಮನೆಯಲ್ಲಿ ಆ ಜಾಗ ಬಂದರೆ ಮಕ್ಕಳು ಮೊದಲೇ ನಗಲು ಶುರು ಮಾಡುತ್ತಾರೆ. ಮಾರ್ಟಿ ಕತ್ತಲೆ ಕೋಣೆಯಲ್ಲಿ ಎದ್ದು, ಇದುವರೆಗೆ ನಡೆದದ್ದೆಲ್ಲ ಕನಸು ಅಂದುಕೊಳ್ಳುವ ದೃಶ್ಯವೂ ಮೂರರಲ್ಲೂ ಇದೆ. ಆ ಊರಿನ ಕೋರ್ಟ್ ಕಟ್ಟಡದ ಗಡಿಯಾರ ಮೊದಲ ಭಾಗದಲ್ಲಿ ಸಿಡಿಲು ಬಡಿದು ರಾತ್ರಿ 10 ಗಂಟೆ 4 ನಿಮಿಷಕ್ಕೆ ನಿಲ್ಲುತ್ತದೆ, ಅದೇ ಗಡಿಯಾರ ಊರಿಗೆ ಹೊಸದಾಗಿ ಬಂದ ಕಾಲವನ್ನು ಮೂರನೆಯದರಲ್ಲಿ ನೋಡಬಹುದು. ಇಂಥವು ಒಂದೇ ಸಲಕ್ಕೆ ಕಣ್ಣಿಗೆ ಬೀಳುವುದಿಲ್ಲ. ಹಿಂದಕ್ಕೆ ಓಡಿಸಿ, ನಿಲ್ಲಿಸಿ, ಮತ್ತೆ ನೋಡಬೇಕು. ಮೊದಲ ಭಾಗದ ಕೊನೆಯ ದೃಶ್ಯವೇ ಎರಡನೇ ಭಾಗದ ಮೊದಲ ದೃಶ್ಯ, ಆದರೆ ಮಾರ್ಟಿಯ ಗೆಳತಿಯ ಪಾತ್ರಕ್ಕೆ ಬೇರೆ ನಟಿ ಬಂದಿದ್ದರಿಂದ ಇಡೀ ದೃಶ್ಯವನ್ನು ಮತ್ತೆ ಶೂಟ್ ಮಾಡಿದ್ದಾರೆ. ಎರಡು ಡಿಸ್ಕ್ ಕೈಯಲ್ಲಿದ್ದರೆ ಒಂದಾದ ಮೇಲೆ ಒಂದು ಹಾಕಿ ಹೋಲಿಸಬಹುದು. ನಾನು ಹೋಲಿಸಿದ್ದೇನೆ. ನಿಂತ ಜಾಗ, ಮಾತಿನ ಓಟ ಎಲ್ಲ ಎಷ್ಟು ಶ್ರದ್ಧೆಯಿಂದ ಹೊಂದಿಸಿದ್ದಾರೆ ಅಂದರೆ, ಆ ಕೆಲಸಗಾರರ ಮೇಲೆ ಗೌರವ ಬರುತ್ತದೆ.

ನನ್ನಂಥ ಕರೆಂಟಿನ ಕೆಲಸದವನಿಗೆ ಇದರಲ್ಲಿ ಇನ್ನೊಂದು ಆಕರ್ಷಣೆ ಇದೆ. ಕಾಲ ದಾಟಬೇಕಾದರೆ ಕಾರು ಗಂಟೆಗೆ 88 ಮೈಲಿ ವೇಗ ಮುಟ್ಟಬೇಕು, ಅಂದರೆ ಸುಮಾರು 142 ಕಿಲೋಮೀಟರ್, ಆಗ ಯಂತ್ರಕ್ಕೆ 1.21 ಗಿಗಾವ್ಯಾಟ್ ಕರೆಂಟು ಬೇಕು. 1955ರಲ್ಲಿ ಅಷ್ಟು ಕರೆಂಟು ತರುವುದು ಎಲ್ಲಿಂದ? ಸಿಡಿಲಿನಿಂದ. 1.21 ಗಿಗಾವ್ಯಾಟ್ ಅಂದರೆ 1210 ಮೆಗಾವ್ಯಾಟ್. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವಲ್ಲ, ಆ ವಿದ್ಯುದಾಗಾರದ ಸಾಮರ್ಥ್ಯ 42 ಮೆಗಾವ್ಯಾಟ್. ಅಂಥವು ಸುಮಾರು 29 ಸೇರಿದರೆ ಡಾಕ್ ಬ್ರೌನ್‌ಗೆ ಬೇಕಾದಷ್ಟು ಆಗುತ್ತದೆ! ಮೇಷ್ಟ್ರಿಗೆ ಈ ಲೆಕ್ಕ ಹೇಳಿದಾಗ ಅವರು ಕ್ಲಾಸಿನಲ್ಲಿ ಹೇಳುತ್ತೇನೆ ಅಂದರು. ಮಕ್ಕಳಿಗೆ ವ್ಯಾಟ್, ಮೆಗಾವ್ಯಾಟ್, ಗಿಗಾವ್ಯಾಟ್ ಇನ್ನೆಂದೂ ಮರೆಯುವುದಿಲ್ಲ.

ಎರಡನೇ ಭಾಗದಲ್ಲಿ ಮಾರ್ಟಿ 2015ರ ಅಕ್ಟೋಬರ್ 21ಕ್ಕೆ ಹೋಗುತ್ತಾನೆ. 1989ರಲ್ಲಿ ಕೂತು 2015 ಹೇಗಿರುತ್ತದೆ ಅಂತ ಊಹಿಸಿದ್ದನ್ನು ಈಗ ನೋಡುವುದೇ ಒಂದು ಪಾಠ. ಗೋಡೆಗೆ ನೇತುಹಾಕುವ ಚಪ್ಪಟೆ ಟಿವಿ, ಅದರಲ್ಲೇ ಮುಖ ನೋಡಿಕೊಂಡು ಮಾತಾಡುವುದು, ಹೆಬ್ಬೆಟ್ಟು ಒತ್ತಿ ದುಡ್ಡು ಕೊಡುವುದು, ಇವೆಲ್ಲ ಅದರಲ್ಲಿವೆ. ಈ ಮೂರೂ ಈಗ ನಮ್ಮಲ್ಲಿ ಇವೆ, ಹೆಬ್ಬೆಟ್ಟು ಒತ್ತಿ ಬ್ಯಾಂಕಿನ ದುಡ್ಡು ತೆಗೆಯುವುದು ಹಳ್ಳಿ ಹಳ್ಳಿಯಲ್ಲೂ ಇದೆ. ಹಾರುವ ಕಾರು ಬರಲಿಲ್ಲ. ಮನೆ ತುಂಬ ಫ್ಯಾಕ್ಸ್ ಮಿಷನ್ ಇರುತ್ತವೆ ಅಂದುಕೊಂಡಿದ್ದರು, ಅದು ಹೋಗೇ ಹೋಯಿತು. ಎಲ್ಲರ ಜೇಬಿನಲ್ಲೂ ಫೋನ್ ಇರುತ್ತದೆ ಅನ್ನುವುದು ಮಾತ್ರ ಅವರಿಗೆ ಹೊಳೆಯಲೇ ಇಲ್ಲ. ಇದನ್ನು ಮಕ್ಕಳ ಜೊತೆ ಕೂತು ನೋಡಿ, ಯಾವುದು ಸರಿಯಾಯಿತು, ಯಾವುದು ತಪ್ಪಾಯಿತು ಅಂತ ಮಾತಾಡಿ, ಒಂದು ಸಂಜೆ ಸಾಲುವುದಿಲ್ಲ.

ಕೊರತೆ ಇಲ್ಲವೇ? ಇದೆ. ಮೊದಲ ಭಾಗದಲ್ಲಿ 1955ರ ಆ ಹುಡುಗಿಗೆ, ಅಂದರೆ ಮುಂದೆ ಅಮ್ಮನಾಗುವವಳಿಗೆ, ತನ್ನ ಮಗ ಅಂತ ಗೊತ್ತಿಲ್ಲದೆ ಮಾರ್ಟಿ ಮೇಲೆ ಮನಸ್ಸಾಗುತ್ತದೆ. ತಮಾಷೆಯಾಗೇ ತೋರಿಸಿದ್ದಾರೆ, ಆದರೂ ಚಿಕ್ಕ ಮಕ್ಕಳ ಜೊತೆ ನೋಡುವಾಗ ಸ್ವಲ್ಪ ಮುಜುಗರ ಆಗಬಹುದು, ಮೊದಲೇ ಗೊತ್ತಿರಲಿ. ಎರಡನೇ ಭಾಗದಲ್ಲಿ ಮಾರ್ಟಿಯ ಗೆಳತಿಗೆ ಏನೂ ಕೆಲಸವೇ ಇಲ್ಲ, ಜಾಸ್ತಿ ಹೊತ್ತು ಅವಳನ್ನು ಮಲಗಿಸಿಯೇ ಇಟ್ಟಿದ್ದಾರೆ, ಅದು ನನಗೆ ಸರಿ ಕಾಣಲಿಲ್ಲ. ಮೂರನೆಯದು ಕೌಬಾಯ್ ಕಥೆ, ಕೆಲವರಿಗೆ ನಿಧಾನ ಅನ್ನಿಸುತ್ತದೆ. ನನಗೆ ಹಾಗನ್ನಿಸಲ್ಲ. ಕಾರಿಗೆ ಪೆಟ್ರೋಲ್ ಇಲ್ಲ, 1885ರಲ್ಲಿ ಬಂಕ್ ಎಲ್ಲಿಂದ ಬರಬೇಕು, ಕೊನೆಗೆ ಉಗಿಬಂಡಿಯಿಂದ ಕಾರನ್ನು ತಳ್ಳಿಸಿ 88 ಮೈಲಿ ವೇಗ ಮುಟ್ಟಿಸುವ ಆ ದೃಶ್ಯಕ್ಕೆ ನಾನು ಮೂರನೇ ಡಿಸ್ಕ್ ಹಾಕುತ್ತೇನೆ. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ನಿಂತಿರುವ ಹಳೇ ಎಂಜಿನ್ ನೋಡಿ ಬಂದ ಮಕ್ಕಳಿಗಂತೂ ಇದು ಹಬ್ಬ.

ಈಗ ದುಡ್ಡಿನ ಮಾತಿಗೆ ಬರೋಣ. ‘ತಿಂಗಳಿಗೆ ಇಷ್ಟು ಕಟ್ಟಿದರೆ ಫೋನಿನಲ್ಲೇ ಬರುತ್ತಲ್ಲ’ ಅನ್ನುವುದು ಎಲ್ಲರೂ ಹೇಳುವ ಮಾತು. ಬರುತ್ತದೆ, ಹೋಗುತ್ತದೆ ಕೂಡ. ಒಂದು ಕಂಪನಿಗೆ ಇಷ್ಟು ವರ್ಷ ಅಂತ ಹಕ್ಕು ಕೊಟ್ಟಿರುತ್ತಾರೆ, ಅವಧಿ ಮುಗಿದರೆ ಸಿನಿಮಾ ಅಲ್ಲಿಂದ ಮಾಯ. ಮೂರು ಭಾಗದ ಕಥೆಗೆ ಇದರಿಂದ ಆಗುವ ತೊಂದರೆ ಜಾಸ್ತಿ. ಒಂದು ಕಡೆ ಒಂದನೆಯದು ಇರುತ್ತದೆ, ಎರಡನೆಯದಕ್ಕೆ ಬೇರೆ ಕಡೆ ದುಡ್ಡು ಕೇಳುತ್ತಾರೆ. ‘ಬಾಡಿಗೆ ಬೇಡ, ಪೂರ್ತಿ ಕೊಂಡುಬಿಡುತ್ತೇನೆ’ ಅಂತ ಆನ್‌ಲೈನ್‌ನಲ್ಲಿ ‘ಬೈ’ ಬಟನ್ ಒತ್ತಿದರೂ ನಿಮಗೆ ಸಿಗುವುದು ನೋಡುವ ಅನುಮತಿ ಅಷ್ಟೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಒಂದು ಕಾನೂನು ಜಾರಿಯಲ್ಲಿದೆ. ಆ ಕಾನೂನಿನ ಪ್ರಕಾರ ಹೀಗೆ ಮಾರುವವರು, ನೀವು ಕೊಳ್ಳುತ್ತಿರುವುದು ಬರೀ ಲೈಸೆನ್ಸ್ ಅಂತ ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು. ಅಲ್ಲಿನವರಿಗೇ ಕಾನೂನು ಬೇಕಾಯಿತು ಅಂದಮೇಲೆ ಇಲ್ಲಿ ನಾವು ಕಣ್ಣುಮುಚ್ಚಿ ಬಟನ್ ಒತ್ತುವುದು ಎಷ್ಟು ಸರಿ? ಡಿಸ್ಕ್ ಹಾಗಲ್ಲ. ಬೀರುವಿನಲ್ಲಿ ಇಟ್ಟಿದ್ದು ಬೀರುವಿನಲ್ಲೇ ಇರುತ್ತದೆ. ತಮ್ಮನಿಗೆ ಕೊಡಬಹುದು, ಪಕ್ಕದ ಮನೆಯವರಿಗೆ ಕೊಡಬಹುದು, ಬೇಡ ಅನ್ನಿಸಿದರೆ ಅರ್ಧ ಬೆಲೆಗೆ ಮಾರಬಹುದು.

ಚಿತ್ರದ ಗುಣಮಟ್ಟವೂ ಬೇರೆ. ಡಿವಿಡಿಗಿಂತ ಜಾಸ್ತಿ ಮಾಹಿತಿ ಹಿಡಿಯುವ ಬ್ಲೂ-ರೇ ಡಿಸ್ಕ್‌ನಿಂದ ಚಿತ್ರದ ಮಾಹಿತಿ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಹರಿಯಬಹುದು, ಶಬ್ದವನ್ನೂ ಕುಗ್ಗಿಸದೆ ಇಡಬಹುದು. ಇಂಟರ್‌ನೆಟ್‌ನಲ್ಲಿ ಬರುವಾಗ ಇದನ್ನೆಲ್ಲ ಹಿಂಡಿ ಚಿಕ್ಕದು ಮಾಡಿ ಕಳಿಸುತ್ತಾರೆ. ಕತ್ತಲೆ ದೃಶ್ಯದಲ್ಲಿ ಚೌಕ ಚೌಕ ಕಾಣಿಸುವುದು ಅದಕ್ಕೇ. ಸಂಜೆ ಹೊತ್ತು ನಮ್ಮ ಬೀದಿಯಲ್ಲಿ ಎಲ್ಲರೂ ಒಟ್ಟಿಗೆ ನೆಟ್ ಹಾಕಿದಾಗ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಅಲನ್ ಸಿಲ್ವೆಸ್ಟ್ರಿ ಅವರ ಸಂಗೀತ ಆ ಸಿಡಿಲಿನ ದೃಶ್ಯದಲ್ಲಿ ಏರುತ್ತಾ ಹೋಗುವುದನ್ನು ಒಳ್ಳೇ ಸ್ಪೀಕರ್‌ನಲ್ಲಿ ಕೇಳಿದವರು ಫೋನಿನಲ್ಲಿ ಮತ್ತೆ ಕೇಳಲಾರರು.

ಆದರೆ ದಯವಿಟ್ಟು, ದುಡ್ಡು ಕೊಡುವ ಮೊದಲು ಮನೆಯಲ್ಲಿ ಯಾವ ಪ್ಲೇಯರ್ ಇದೆ ಅಂತ ನೋಡಿಕೊಳ್ಳಿ. ಅಂಗಡಿಯಲ್ಲಿ ನಾನು ಜಾಸ್ತಿ ನೋಡುವ ಗೋಳು ಇದೇ. ಬ್ಲೂ-ರೇ ಡಿಸ್ಕ್ ತಂದು ಹಳೇ ಡಿವಿಡಿ ಪ್ಲೇಯರ್‌ಗೆ ಹಾಕಿ, ‘ನೋ ಡಿಸ್ಕ್ ಅಂತ ಬರ್ತಿದೆ ಅಣ್ಣ, ಲೆನ್ಸ್ ಹೋಗಿದೆ ಅನ್ಸುತ್ತೆ’ ಅಂತ ಪ್ಲೇಯರ್ ಹೊತ್ತು ತರುತ್ತಾರೆ. ಲೆನ್ಸ್‌ಗೆ ಏನೂ ಆಗಿರುವುದಿಲ್ಲ. ಡಿವಿಡಿ ಓದುವುದು 650 ನ್ಯಾನೋಮೀಟರಿನ ಕೆಂಪು ಲೇಸರ್, ಬ್ಲೂ-ರೇಗೆ ಬೇಕಾದ್ದು 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್. ದಪ್ಪ ಸೂಜಿಯಲ್ಲಿ ಸಣ್ಣ ಮಣಿ ಪೋಣಿಸಲು ಆಗುತ್ತದೆಯೇ, ಹಾಗೆ. ಬ್ಲೂ-ರೇ ಪ್ಲೇಯರ್ ಇದ್ದರೆ ಹಳೇ ಡಿವಿಡಿಗಳನ್ನೂ ಓದುತ್ತದೆ, ಡಿವಿಡಿ ಪ್ಲೇಯರ್ ಮಾತ್ರ ಬ್ಲೂ-ರೇ ಓದುವುದಿಲ್ಲ. 4ಕೆ ಡಿಸ್ಕ್‌ಗೆ, ಅಂದರೆ ಬ್ಲೂ-ರೇಗಿಂತಲೂ ಹೆಚ್ಚು ವಿವರದ ಚಿತ್ರ ಇರುವ ಡಿಸ್ಕ್‌ಗೆ, ಅದಕ್ಕೆಂದೇ ಮಾಡಿದ ಪ್ಲೇಯರ್ ಬೇಕು. ಮಕ್ಕಳು ಆಟ ಆಡುವ ಪ್ಲೇಸ್ಟೇಷನ್ 4 ಮನೆಯಲ್ಲಿದ್ದರೆ ಅದರಲ್ಲೇ ಬ್ಲೂ-ರೇ ನೋಡಬಹುದು, 4ಕೆ ಓಡುವುದಿಲ್ಲ. ಡಿಸ್ಕ್ ಹಾಕುವ ಜಾಗ ಇರುವ ಪ್ಲೇಸ್ಟೇಷನ್ 5 ಆದರೆ ಎರಡೂ ಓಡುತ್ತವೆ. ಎಷ್ಟೋ ಮನೆಯಲ್ಲಿ ಪ್ಲೇಯರ್ ಮೊದಲೇ ಇರುತ್ತದೆ, ಅದು ಪ್ಲೇಯರ್ ಅಂತ ಮನೆಯವರಿಗೇ ಗೊತ್ತಿರುವುದಿಲ್ಲ.

ಯಾವ ಬಾಕ್ಸ್ ತಗೊಳ್ಳಬೇಕು? ನನ್ನ ಸಲಹೆ ನೇರವಾಗಿದೆ. 32 ಅಥವಾ 43 ಇಂಚಿನ ಟಿವಿ ಇರುವವರಿಗೆ ಮೂರು ಸಿನಿಮಾದ ಸಾದಾ ಬ್ಲೂ-ರೇ ಸೆಟ್ ಸಾಕು. 2010ರಲ್ಲಿ, ಅಂದರೆ ಮೊದಲ ಭಾಗಕ್ಕೆ 25 ವರ್ಷ ತುಂಬಿದಾಗ, ಬ್ಲೂ-ರೇ ಸೆಟ್ ಬಂತು. 2020ರಲ್ಲಿ 4ಕೆ ಬಂತು. ಇವು 35 ಎಂಎಂ ಫಿಲ್ಮ್‌ನಲ್ಲಿ ತೆಗೆದ ಸಿನಿಮಾಗಳು, ಹಾಗಾಗಿ 4ಕೆಯಲ್ಲಿ ನಿಜವಾಗಿಯೂ ಹೆಚ್ಚಿನ ವಿವರ ಇರುತ್ತದೆ, ಸುಮ್ನೆ ಹೆಸರಿಗೆ ಅಲ್ಲ. ಆದರೆ ಅದನ್ನು ಕಾಣಲು 55 ಇಂಚಿನ ಒಳ್ಳೇ ಟಿವಿ, ಹತ್ತಿರದಲ್ಲಿ ಕುರ್ಚಿ ಬೇಕು. ಇಲ್ಲದಿದ್ದರೆ ಆ ಹೆಚ್ಚಿನ ದುಡ್ಡನ್ನು ಸ್ಪೀಕರ್‌ಗೆ ಹಾಕಿ. ಆಟಿಕೆ ಕಾರು, ತಗಡಿನ ಡಬ್ಬಿ, ಪೋಸ್ಟರ್ ಅಂತ ಸೇರಿಸಿ ಎರಡು ಪಟ್ಟು ಬೆಲೆ ಹಾಕಿರುವ ಸೆಟ್‌ಗಳೂ ಇವೆ, ಅವು ಬೇಡ. ಒಳಗಿನ ಸಿನಿಮಾ ಅದೇ. ಹೆಚ್ಚುವರಿ ವಿಡಿಯೋಗಳು ಇರುವ ಸೆಟ್ ಆದರೆ ಒಳ್ಳೆಯದು. ಮಾರ್ಟಿ ಪಾತ್ರಕ್ಕೆ ಮೊದಲು ಎರಿಕ್ ಸ್ಟೋಲ್ಟ್ಜ್ ಅನ್ನುವ ನಟನನ್ನು ಹಾಕಿ ಕೆಲವು ವಾರ ಶೂಟಿಂಗ್ ಮಾಡಿ, ಸರಿಹೊಂದುತ್ತಿಲ್ಲ ಅಂತ ಬಿಟ್ಟು, ಫಾಕ್ಸ್ ಅವರನ್ನು ತಂದರು. ಫಾಕ್ಸ್ ಹಗಲು ಟಿವಿ ಧಾರಾವಾಹಿ, ರಾತ್ರಿ ಈ ಸಿನಿಮಾ ಅಂತ ದುಡಿದರು. ಒಂದೇ ಊಟದ ಮೇಜಿನಲ್ಲಿ ಫಾಕ್ಸ್ ಒಬ್ಬರೇ ಅಪ್ಪ, ಮಗ, ಮಗಳು ಆಗಿ ಕೂತಿರುವ ದೃಶ್ಯ ಎರಡನೇ ಭಾಗದಲ್ಲಿದೆ. ಕ್ಯಾಮೆರಾ ಪ್ರತಿ ಸಲವೂ ಒಂಚೂರೂ ತಪ್ಪದೆ ಅದೇ ದಾರಿಯಲ್ಲಿ ಚಲಿಸುವ ಹಾಗೆ ಕಂಪ್ಯೂಟರ್ ಹಿಡಿತದಲ್ಲಿಟ್ಟು ಅದನ್ನು ತೆಗೆದರು. ಇಂಥ ಕೆಲಸದ ಒಳಗುಟ್ಟು ತಿಳಿಯುವುದು ಆ ವಿಡಿಯೋಗಳಿಂದಲೇ.

ಹಳೇ ಡಿವಿಡಿ ಸೆಟ್ ಅಗ್ಗಕ್ಕೆ ಸಿಕ್ಕಿತು ಅಂತ ತಗೊಳ್ಳುವವರಿಗೆ ಒಂದು ಎಚ್ಚರಿಕೆ. 2002ರಲ್ಲಿ ಅಮೆರಿಕದಲ್ಲಿ ಬಂದ ಡಿವಿಡಿ ಸೆಟ್‌ನಲ್ಲಿ ಎರಡು ಮತ್ತು ಮೂರನೇ ಭಾಗದ ಚೌಕಟ್ಟು ತಪ್ಪಾಗಿತ್ತು. ಚಿತ್ರದ ಮೇಲೆ ಕೆಳಗೆ ಕತ್ತರಿಸುವಾಗ ಅಳತೆ ತಪ್ಪಿ, ಕಾಣಬೇಕಾದ್ದು ಕೆಲವು ಕಡೆ ಪರದೆಯಿಂದ ಆಚೆ ಹೋಗಿತ್ತು. ದೂರು ಬಂದ ಮೇಲೆ ಕಂಪನಿ ಬದಲಿ ಡಿಸ್ಕ್ ಕೊಟ್ಟಿತು, ಸರಿಮಾಡಿದ ಡಿಸ್ಕ್ ಮೇಲೆ ‘ವಿ2’ ಅಂತ ಗುರುತಿದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಅದನ್ನು ನೋಡಿ. ಹೊರದೇಶದ ಡಿಸ್ಕ್‌ಗೆ ವಲಯದ ಬೀಗವೂ ಇರಬಹುದು, ಅಂದರೆ ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರ್‌ನಲ್ಲಿ ಓಡದ ಹಾಗೆ ಮಾಡಿರುತ್ತಾರೆ. ಡಿವಿಡಿಯಲ್ಲಿ ನಮ್ಮ ದೇಶದ್ದು 5ನೇ ವಲಯ, ಬ್ಲೂ-ರೇಯಲ್ಲಿ ‘ಸಿ’ ವಲಯ, 4ಕೆ ಡಿಸ್ಕ್‌ಗೆ ವಲಯವೇ ಇಲ್ಲ. ಬಾಕ್ಸ್ ಹಿಂದೆ ಸಣ್ಣ ಭೂಗೋಳದ ಚಿತ್ರದಲ್ಲಿ ಬರೆದಿರುತ್ತಾರೆ, ಆನ್‌ಲೈನ್‌ನಲ್ಲಾದರೆ ಮಾರುವವರನ್ನು ಕೇಳಿ. ಇನ್ನು ಫುಟ್‌ಪಾತ್ ಮೇಲೆ ‘ಫೈವ್ ಇನ್ ಒನ್’ ಅಂತ ಒಂದೇ ಡಿಸ್ಕ್‌ಗೆ ಐದು ಸಿನಿಮಾ ತುಂಬಿ ಮಾರುತ್ತಿದ್ದರಲ್ಲ, ಅಂಥದ್ದು ಈಗಲೂ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಕಳ್ಳ ಮಾಲು ಅನ್ನುವುದು ಒಂದು, ಚಿತ್ರ ಮಂಜು ಮಂಜಾಗಿ ಕಣ್ಣು ನೋಯುವುದು ಇನ್ನೊಂದು. ಮೂರು ಭಾಗ ಸೇರಿ 342 ನಿಮಿಷ, ಅಂದರೆ ಐದೂಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ಅಷ್ಟನ್ನು 4.7 ಜಿಬಿಯ ಒಂದು ಡಿವಿಡಿಗೆ ತುರುಕಿದರೆ ಏನು ಉಳಿದೀತು?

‘ಡಿಸ್ಕ್ ಎಷ್ಟು ದಿನ ಬರುತ್ತೆ’ ಅಂತಲೂ ಕೇಳುತ್ತಾರೆ. ಸರಿಯಾಗಿ ತಯಾರಾದ ಡಿಸ್ಕ್ ನೋಡಿಕೊಂಡರೆ ದಶಕಗಳ ಕಾಲ ಬರುತ್ತದೆ. ತಯಾರಿಕೆಯಲ್ಲೇ ದೋಷ ಇದ್ದರೆ ಇಲ್ಲ. ಅಮೆರಿಕದ ಒಂದು ದೊಡ್ಡ ಕಂಪನಿ 2006ರಿಂದ 2008ರ ನಡುವೆ ತಯಾರಿಸಿದ ಕೆಲವು ಡಿವಿಡಿಗಳು ತಾವಾಗಿಯೇ ಕೆಡುತ್ತಿವೆ ಅಂತ 2025ರಲ್ಲಿ ಒಪ್ಪಿಕೊಂಡು ಬದಲಿ ಕೊಡುತ್ತೇವೆ ಅಂದಿತು. ಆದರೆ ನನ್ನ ಟೇಬಲ್ ಮೇಲೆ ಬರುವುದರಲ್ಲಿ ಬಹುಪಾಲು ಪ್ಲೇಯರ್ ದೋಷವೇ. ಟ್ರೇ ಹೊರಗೆ ಬರುವುದಿಲ್ಲ ಅಂದರೆ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ, ಹೊಸದಕ್ಕೆ ಚಿಲ್ಲರೆ ದುಡ್ಡು ಸಾಕು. ನಿಂತು ನಿಂತು ಓಡಿದರೆ ಲೆನ್ಸ್ ಮೇಲೆ ಧೂಳು. ನಮ್ಮ ಕಡೆ ಆಲೆಮನೆ, ಗಾಡಿ ಓಡಾಟ ಅಂತ ಧೂಳು ಹೊಗೆ ಜಾಸ್ತಿ, ಪ್ಲೇಯರ್ ಮೇಲೆ ಒಂದು ಬಟ್ಟೆ ಹಾಕಿಡಿ, ಓಡುವಾಗ ಮಾತ್ರ ತೆಗೆದಿಡಿ. ಡಿಸ್ಕ್ ಒರೆಸುವಾಗ ಗುಂಡಗೆ ಸುತ್ತಿ ಒರೆಸಬೇಡಿ. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಮಾಹಿತಿ ಸುತ್ತು ಸುತ್ತಾಗಿ ಬರೆದಿರುತ್ತದೆ, ಗೀರು ಅದೇ ದಿಕ್ಕಿನಲ್ಲಿ ಬಿದ್ದರೆ ಒಂದೇ ಕಡೆ ಉದ್ದಕ್ಕೂ ಹಾಳಾಗಿ ಪ್ಲೇಯರ್‌ಗೆ ಓದಲು ಆಗುವುದಿಲ್ಲ, ಅಡ್ಡ ಬಿದ್ದರೆ ದಾಟಿಕೊಂಡು ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಈ ಬಾಕ್ಸ್ ಸೆಟ್‌ಗಳ ಮೇಲೆ ನಿಜವಾಗಿ ಬೇಸರ ಇದೆ. ಎಷ್ಟೋ ಭಾಷೆಯ ಸಬ್‌ಟೈಟಲ್ ಕೊಡುತ್ತಾರೆ, ಕನ್ನಡ ಇಲ್ಲ. ಹಳೇ ಡಿವಿಡಿ ಒಂದರಲ್ಲೇ 32 ಸಬ್‌ಟೈಟಲ್‌ಗೆ, 8 ಧ್ವನಿಗೆ ಜಾಗ ಇಟ್ಟಿದ್ದಾರೆ. ಜಾಗ ಇಲ್ಲ ಅನ್ನುವ ಹಾಗಿಲ್ಲ, ನಮ್ಮನ್ನು ಕೇಳಿದವರಿಲ್ಲ ಅಷ್ಟೇ. ಡಬ್ಬಿಂಗ್ ಬೇಕೇ ಬೇಡವೇ ಅಂತ ನಮ್ಮಲ್ಲಿ ಎಷ್ಟೋ ವರ್ಷ ಜಗಳ ನಡೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ದಾರಿ ಸಡಿಲವಾಯಿತು. ಆ ಜಗಳದಲ್ಲಿ ಯಾರು ಯಾವ ಕಡೆ ಇದ್ದರೂ, ಕನ್ನಡದಲ್ಲಿ ಸಾಲು ಓದಿಕೊಂಡು ಹೊರದೇಶದ ಸಿನಿಮಾ ನೋಡುವುದಕ್ಕೆ ಯಾರ ತಕರಾರು ಇದ್ದೀತು? ನಮ್ಮಮ್ಮ ಈ ಸಿನಿಮಾ ನೋಡಲು ಕೂತಾಗ ಪಕ್ಕದಲ್ಲಿ ಕೂತು ನಾನೇ ಮಾತು ಮಾತಿಗೂ ಹೇಳಬೇಕಾಯಿತು. ಅವರಿಗೆ ಕಥೆ ಚೆನ್ನಾಗಿ ಹಿಡಿಸಿತು, ‘ಅವನು ಹೋಗಿ ಅಪ್ಪನ್ನೇ ಸರಿ ಮಾಡ್ಬಿಟ್ಟ ನೋಡು’ ಅಂದರು. ಆ ಖುಷಿ ಅವರಿಗೆ ನನ್ನ ಬಾಯಿಂದ ಸಿಗುವ ಬದಲು ಪರದೆಯ ಕೆಳಗೆ ಕನ್ನಡ ಅಕ್ಷರದಲ್ಲೇ ಸಿಗಬೇಕಿತ್ತು. ಡಿಸ್ಕ್ ಕಂಪನಿಗಳಿಗೆ, ಓಟಿಟಿ ಕಂಪನಿಗಳಿಗೆ ಕನ್ನಡಿಗರು ಇದನ್ನು ಗಟ್ಟಿಯಾಗಿ ಕೇಳಬೇಕು. ನಿಮ್ಮ ಪತ್ರಿಕೆಯೂ ಕೇಳಲಿ.

ಡಿಸ್ಕ್ ಉಳಿಸಿಕೊಳ್ಳಬೇಕು ಅನ್ನುವ ಮಾತು ನಮ್ಮ ಸಿನಿಮಾಗಳ ವಿಷಯಕ್ಕೂ ಅನ್ವಯಿಸುತ್ತದೆ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂತು. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ಯಾರೂ ಬೇಕೆಂದು ಕಳೆದದ್ದಲ್ಲ, ಮುಂದೊಂದು ದಿನ ಇದು ಬೇಕಾಗುತ್ತದೆ ಅಂತ ಯಾರಿಗೂ ಅನ್ನಿಸಲಿಲ್ಲ. ಮಂಡ್ಯದ ಮನೆಗಳಲ್ಲಿ 28 ರೂಪಾಯಿಯ ವಿಸಿಡಿ, 34 ರೂಪಾಯಿಯ ಡಿವಿಡಿ ಕಾಲದಲ್ಲಿ ಕೊಂಡ ಕನ್ನಡ ಸಿನಿಮಾಗಳು ಇನ್ನೂ ಬಿದ್ದಿವೆ. ಅದರಲ್ಲಿ ಕೆಲವು ಈಗ ಎಲ್ಲೂ ಸಿಗುವುದಿಲ್ಲ. ಮನೆ ಖಾಲಿ ಮಾಡುವಾಗ ಗುಜರಿಗೆ ಹಾಕುತ್ತಿದ್ದಾರೆ. ಅವನ್ನು ಹಾಕಬೇಡಿ, ನಮ್ಮಂಥ ಅಂಗಡಿಗೆ ಕೊಡಿ, ಇಲ್ಲವೇ ನೋಡುವವರಿಗೆ ಕೊಡಿ.

ಮೂರು ಸಾವಿರ ಎಲ್ಲರಿಗೂ ಸುಲಭದ ದುಡ್ಡಲ್ಲ ಅನ್ನುವುದು ನನಗೆ ಗೊತ್ತು. ಈ ಕಸುಬಿನಲ್ಲಿ ನನಗೂ ಅದು ಸುಮಾರು ದಿನದ ಸಂಪಾದನೆ. ಕಂತಿನಲ್ಲಿ ಸಾಲ ಮಾಡಿ ಕೊಳ್ಳುವ ವಸ್ತು ಇದಲ್ಲ. ಇದ್ದವರು ಕೊಳ್ಳಲಿ, ನಾಲ್ಕು ಮನೆಯವರು ಸೇರಿ ಒಂದು ಸೆಟ್ ತಗೊಂಡರೂ ಆಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದು ಇದೆ. ನಾವೆಲ್ಲ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಅಂತ ಶೇ 6ರಷ್ಟು ಕಟ್ಟುತ್ತೇವೆ. ಗ್ರಂಥಾಲಯದಲ್ಲಿ ಪುಸ್ತಕ ಎರವಲು ಕೊಡುವ ಹಾಗೆ ಸಿನಿಮಾ ಡಿಸ್ಕ್ ಕೊಡಬಾರದು ಅಂತ ಏನಿದೆ? ಮಂಡ್ಯದ ಕೇಂದ್ರ ಗ್ರಂಥಾಲಯದಲ್ಲಿ ಒಂದು ಕಪಾಟು ಇದಕ್ಕೆ ಬಿಡಲಿ. ಒಳ್ಳೆಯ ಕನ್ನಡ ಸಿನಿಮಾ, ಮಕ್ಕಳ ಸಿನಿಮಾ, ವಿಜ್ಞಾನದ ಸಾಕ್ಷ್ಯಚಿತ್ರ, ಜೊತೆಗೆ ಈ ಮೂರು ಭಾಗದ ಸೆಟ್. ಮನೆಯಲ್ಲಿ ಪ್ಲೇಯರ್ ಇಲ್ಲದ ಮಕ್ಕಳಿಗೆ ಅಲ್ಲೇ ಒಂದು ಟಿವಿ, ಹೆಡ್‌ಫೋನ್, ಕೆಲವು ಕುರ್ಚಿ ಹಾಕಿದರೆ ಭಾನುವಾರ ಬಂದು ನೋಡುತ್ತಾರೆ. ಸಂಬಂಧಪಟ್ಟ ಅಧಿಕಾರಿಗಳು ಈ ಪತ್ರ ಓದಿದರೆ ದಯವಿಟ್ಟು ಯೋಚಿಸಿ. ಬ್ಲೂ-ರೇ ಪ್ಲೇಯರ್ ಒಂದನ್ನು ನಾನೇ ಕೊಡುತ್ತೇನೆ, ಕೆಟ್ಟರೆ ಬಂದು ದುಡ್ಡಿಲ್ಲದೆ ಸರಿಮಾಡಿಯೂ ಕೊಡುತ್ತೇನೆ.

ಇಂತಿ ನಿಮ್ಮ ಓದುಗ,
ಪೇಟೆ ಬೀದಿ, ಮಂಡ್ಯ